ತೂಕದ ಹೊತ್ತು

ದಕ್ಷಿಣ ಸುಡಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ತಾಸು ಹಿಂದೆ. ಅಲ್ಲಿ ಬೆಳಗಿನ ಆರೂವರೆಗೆ ಅಪೌಷ್ಟಿಕ ಮಕ್ಕಳ ವಾರ್ಡಿನಲ್ಲಿ ತೂಕ ಶುರುವಾದಾಗ ಇಲ್ಲಿ ಹತ್ತು ಗಂಟೆ. ಅಂಥ ವಾರ್ಡಿನಲ್ಲಿ ಆರೆಂಟು ತಿಂಗಳು ದುಡಿದು ಧಾರವಾಡಕ್ಕೆ ಮರಳಿದ ನರ್ಸ್ ಒಬ್ಬಳಿಗೆ ಬೆಳಗಿನ ಹತ್ತಕ್ಕೆ ಕೈ ಸುಮ್ಮನಿರುವುದಿಲ್ಲ. ಚಹಾ ಆಗಿದೆ, ಪೇಪರ್ ಓದಿಯಾಗಿದೆ, ಅಡುಗೆಮನೆಯಿಂದ ಅವ್ವ ಏನೋ ಕೇಳುತ್ತಿದ್ದಾಳೆ; ಮನಸ್ಸು ಮಾತ್ರ ತಾಡಪಾಲಿನ ಗುಡಾರದೊಳಗೆ, ತಕ್ಕಡಿಯ ಅಂಕಿಯ ಮೇಲೆ. ವಿಮಾನ ಪ್ರಯಾಣದ ಆಯಾಸ ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ಮೂರೂವರೆ ತಾಸಿನ ವ್ಯತ್ಯಾಸಕ್ಕೆ ದೇಹ ನಾಲ್ಕೈದು ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ. ಆರನೆಯ ವಾರದಲ್ಲೂ ಹತ್ತು ಗಂಟೆಗೆ ಎದೆ ಹಿಂಡಿದಂತಾದರೆ ಅದಕ್ಕೆ ವಿಮಾನ ಕಾರಣವಲ್ಲ, ಬಿಟ್ಟುಬಂದದ್ದರ ಹಂಬಲ.

ಹೊರದೇಶದ ನೆರವಿನ ಕೆಲಸಕ್ಕೆ ನಮ್ಮವರು ಹೋಗುವ ದಾರಿಗಳು ಈಗ ಹಲವು. 1970ರಲ್ಲಿ ಶುರುವಾದ ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮ ಇದೆ, 1971ರಲ್ಲಿ ಪ್ಯಾರಿಸಿನಲ್ಲಿ ‘ಗಡಿಯಿಲ್ಲದ ವೈದ್ಯರು’ ಎಂಬರ್ಥದ ಹೆಸರಿನಲ್ಲಿ ಹುಟ್ಟಿದ ಎಂಎಸ್‌ಎಫ್‌ನಂಥ ವೈದ್ಯಕೀಯ ಸಂಸ್ಥೆಗಳಿವೆ. ಕೈಗೆ ಒಂದಿಷ್ಟು ಭತ್ಯೆಯೂ ಬರುತ್ತದೆ. ಹೋಗುವ ಮುನ್ನ ಲಸಿಕೆ, ತರಬೇತಿ, ಭದ್ರತೆಯ ಪಾಠ ಎಲ್ಲ ಇರುತ್ತದೆ. ಬಂದ ಮೇಲೆ ಒಂದೆರಡು ತಾಸಿನ ಮಾತುಕತೆ, ಒಂದು ವರದಿ, ಅಷ್ಟೇ. ವಿದೇಶಕ್ಕೆ ಹೋದವರ ಮನಸ್ಸು ಮೊದಲು ಹಿಗ್ಗಿ, ನಡುವೆ ಕುಸಿದು, ಮತ್ತೆ ಚೇತರಿಸಿಕೊಳ್ಳುತ್ತದೆ ಎಂದು ನಾರ್ವೆಯ ಸಮಾಜಶಾಸ್ತ್ರಜ್ಞ ಲಿಸ್ಗಾರ್ಡ್ 1955ರಲ್ಲೇ ಬರೆದಿದ್ದರು. ಊರಿಗೆ ಬಂದ ಮೇಲೆ ಅದೇ ಕುಸಿತ ಇನ್ನೊಮ್ಮೆ ಆಗುತ್ತದೆ ಎಂದು ಅಮೆರಿಕದ ಗುಲಾಹಾರ್ನ್ ದಂಪತಿ 1963ರಲ್ಲಿ ಸೇರಿಸಿದರು. ಈ ಎರಡನೆಯ ಕುಸಿತ ಸಹಜ ಎಂದು ತಿಳಿದಿದ್ದರೆ ಅರ್ಧ ಭಯ ಕಡಿಮೆಯಾಗುತ್ತದೆ, ನಿಜ. ಆದರೆ ಕಾಡುತ್ತಿರುವುದು ಏನು ಎಂಬುದನ್ನು ಆ ಏರಿಳಿತದ ಗೆರೆ ಹೇಳುವುದಿಲ್ಲ. ಆ ದೇಶವೇ, ಆ ಜನರೇ, ಕೆಲಸವೇ, ಅಲ್ಲಿ ತಾನು ಯಾರಾಗಿದ್ದೆನೋ ಅದೇ? ಒಂದೊಂದರದ್ದು ಒಂದೊಂದು ಬಗೆ. ಎಲ್ಲವನ್ನೂ ‘ಆಫ್ರಿಕಾ ನೆನಪಾಗ್ತದ’ ಎಂಬ ಒಂದೇ ಮಾತಿನಲ್ಲಿ ಕಟ್ಟಿಟ್ಟರೆ ಯಾವುದಕ್ಕೂ ದಾರಿ ಸಿಗದು.

ದಿನಕ್ಕೆ 60 ಗ್ರಾಂ

ಆ ವಾರ್ಡಿನ ಬೆಳಗನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ದಕ್ಷಿಣ ಸುಡಾನಿನ ಬೆಂಟಿಯು ಎಂಬ ಊರಿನ ನಿರಾಶ್ರಿತರ ಶಿಬಿರವನ್ನೇ ತೆಗೆದುಕೊಳ್ಳಿ. 2013ರ ಡಿಸೆಂಬರಿನಲ್ಲಿ ಯುದ್ಧ ಶುರುವಾದಾಗ ವಿಶ್ವಸಂಸ್ಥೆಯ ನೆಲೆಗೆ ಓಡಿಬಂದು ನಿಂತ ಜನರಿಂದ ಬೆಳೆದದ್ದು. ಒಂದು ಕಾಲಕ್ಕೆ ಅಲ್ಲಿ ಲಕ್ಷಕ್ಕೂ ಮೀರಿ ಜನ ಇದ್ದರು. 2021ರಿಂದ ಸುತ್ತ ನೆರೆನೀರು ನಿಂತು, ಮಣ್ಣಿನ ಒಡ್ಡುಗಳೇ ಶಿಬಿರವನ್ನು ಉಳಿಸಿಕೊಂಡಿವೆ. ಅಂಥ ಕಡೆಯ ಆಸ್ಪತ್ರೆಗೆ ಬರುವ ಮಗುವಿನ ಮೇಲ್ದೋಳಿಗೆ ಮೊದಲು ಒಂದು ಬಣ್ಣದ ಪಟ್ಟಿ ಸುತ್ತುತ್ತಾರೆ. ಸುತ್ತಳತೆ 125 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹಸಿರು, 115ರಿಂದ 125ರೊಳಗೆ ಹಳದಿ, 115ಕ್ಕಿಂತ ಕಡಿಮೆಯಾದರೆ ಕೆಂಪು. ಕೆಂಪಿನ ಜೊತೆಗೆ ಜ್ವರ, ಭೇದಿ, ಹಸಿವೇ ಇಲ್ಲದಿರುವಿಕೆ ಸೇರಿದರೆ ಮಗು ವಾರ್ಡಿಗೆ.

ಮೊದಲ ದಿನಗಳಲ್ಲಿ ಕೊಡುವುದು ಎಫ್-75 ಹಾಲು: 100 ಮಿಲಿಗೆ 75 ಕ್ಯಾಲರಿ. ಲೆಕ್ಕ ದಿನಕ್ಕೆ ಕೆಜಿಗೆ 130 ಮಿಲಿ, ಮೈಯೆಲ್ಲ ಬಾವು ಬಂದಿದ್ದರೆ 100. ಅದನ್ನು ಎಂಟು ಪಾಲು ಮಾಡಿ ಮೂರು ತಾಸಿಗೊಮ್ಮೆ ಕುಡಿಸಬೇಕು. ಬಾವಿಲ್ಲದ 6 ಕೆಜಿಯ ಮಗುವಿಗೆ ಒಂದು ಸಲಕ್ಕೆ ಸುಮಾರು 100 ಮಿಲಿ. ಹಸಿದ ಮಗುವಿಗೆ ಹೊಟ್ಟೆ ತುಂಬ ಕೊಡಬೇಕು ಅನ್ನಿಸುತ್ತದೆ, ತಾಯಂದಿರೂ ಅದನ್ನೇ ಕೇಳುತ್ತಾರೆ. ಬಹುಕಾಲ ಉಪವಾಸ ಬಿದ್ದ ದೇಹದ ಹೃದಯ, ಮೂತ್ರಪಿಂಡಗಳು ಒಮ್ಮೆಲೇ ಅಷ್ಟು ನೀರು, ಉಪ್ಪು, ಸಕ್ಕರೆಯನ್ನು ತಾಳುವುದಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ, ಫಾಸ್ಫೇಟ್ ಕುಸಿದು, ಊಟವೇ ಮಗುವನ್ನು ಕೊಲ್ಲಬಹುದು. ಆದ್ದರಿಂದ ಆ ದಿನಗಳಲ್ಲಿ ಯಾರೂ ತೂಕ ಏರಲಿ ಎಂದು ಕಾಯುವುದಿಲ್ಲ. ಬಾವು ಬಂದ ಮಗುವಿನ ತೂಕ ಇಳಿದರೇ ಸಂತೋಷ, ನೀರು ಇಳಿಯುತ್ತಿದೆ ಎಂದರ್ಥ. ಹಸಿವು ಮರಳಿದ ಮೇಲೆ ಶೇಂಗಾ, ಹಾಲಿನ ಪುಡಿ, ಎಣ್ಣೆ, ಸಕ್ಕರೆ ಸೇರಿಸಿ ಮಾಡಿದ ಪೊಟ್ಟಣ ಶುರು. ಒಂದು ಪೊಟ್ಟಣ 92 ಗ್ರಾಂ, 500 ಕ್ಯಾಲರಿ. ಆಮೇಲೆ ತಕ್ಕಡಿಯ ಆಟ ಬೇರೆ. ದಿನಕ್ಕೆ ಕೆಜಿಗೆ 10 ಗ್ರಾಂ ಮೀರಿ ಏರಿದರೆ ಚೆನ್ನಾಗಿ ಚೇತರಿಸಿಕೊಳ್ಳುತ್ತಿದೆ, 5ಕ್ಕಿಂತ ಕಡಿಮೆಯಾದರೆ ಏನೋ ತಪ್ಪಿದೆ. 6 ಕೆಜಿಯ ಮಗುವಿಗೆ 60 ಗ್ರಾಂ.

ಈ 60 ಗ್ರಾಂ ಕಾಣಬೇಕಾದರೆ ಬಹಳ ಶಿಸ್ತು ಬೇಕು. ನೇತುಹಾಕುವ 25 ಕೆಜಿಯ ತಕ್ಕಡಿಯಲ್ಲಿ ಗೆರೆಗೆ 100 ಗ್ರಾಂ, ಅದರಲ್ಲಿ 60 ಕಾಣುವುದೇ ಇಲ್ಲ. ಹಾಗಾಗಿ 10 ಗ್ರಾಂ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ, ಸಮತಟ್ಟಾದ ಹಲಗೆಯ ಮೇಲೆ. ದಿನವೂ ಅದೇ ತಕ್ಕಡಿ, ಅದೇ ಹೊತ್ತು, ಹಾಲು ಕುಡಿಸುವ ಮೊದಲು, ಬಟ್ಟೆ ಬಿಚ್ಚಿ, ಪ್ರತಿ ಮಗುವಿಗೂ ಸೊನ್ನೆಗೆ ತಂದು. ಸೊಂಟದ ಮಣಿಸರ ಒಂದು ದಿನ ಇದ್ದು ಮರುದಿನ ಇಲ್ಲದಿದ್ದರೆ ಲೆಕ್ಕ ಕೆಟ್ಟಿತು. ನೆಲ ಕುಸಿದು ಹಲಗೆ ಓರೆಯಾದರೂ ಕೆಟ್ಟಿತು, ಬ್ಯಾಟರಿ ಇಳಿದರೂ ಕೆಟ್ಟಿತು. ಸಾಲಾಗಿ ಕೂತ, ಓದು ಬರದ ತಾಯಂದಿರು ಅಂಕಿಯನ್ನಲ್ಲ, ನರ್ಸಿನ ಮುಖವನ್ನು ಓದುತ್ತಾರೆ. ಕಾರ್ಡಿನ ಮೇಲಿನ ಗೆರೆ ಮೇಲಕ್ಕೆ ಹೋದರೆ ಸಾಲಿನುದ್ದಕ್ಕೂ ಗೊತ್ತಾಗುತ್ತದೆ.

ನನ್ನ ಅನಿಸಿಕೆಯಲ್ಲಿ, ಮರಳಿ ಬಂದವರನ್ನು ಕಾಡುವುದರಲ್ಲಿ ದೊಡ್ಡ ಪಾಲು ಇದೇ. ಮಾಡಿದ ಕೆಲಸದ ಫಲ ಮರುದಿನ ಬೆಳಿಗ್ಗೆ ಅಂಕಿಯಾಗಿ ಕಾಣುವಂಥ ಕೆಲಸ ಬದುಕಿನಲ್ಲಿ ಹೆಚ್ಚು ಸಿಗುವುದಿಲ್ಲ. ಇಲ್ಲಿನ ಆಸ್ಪತ್ರೆಯಲ್ಲಿ ಅದೇ ನರ್ಸ್ ಬಿಲ್ಲು, ವಿಮೆಯ ಕಾಗದ, ಸಂಬಂಧಿಕರ ಜಗಳದ ನಡುವೆ ಪಾಳಿ ಮುಗಿಸಿ ಬರುತ್ತಾಳೆ. ಆ ಪಾಳಿಯಲ್ಲೂ ಜೀವಗಳು ಉಳಿದಿರುತ್ತವೆ, ಆದರೆ ಅದನ್ನು ತೋರಿಸುವ ತಕ್ಕಡಿ ಇಲ್ಲ.

ಇನ್ನೊಂದು ಪಾಲನ್ನೂ ಹೇಳಲೇಬೇಕು. ನೆನಪು ಬೆಳಗನ್ನು ಇಟ್ಟುಕೊಂಡು ರಾತ್ರಿಯನ್ನು ಬಿಟ್ಟುಬಿಡುತ್ತದೆ. ಅಂಥ ವಾರ್ಡುಗಳಲ್ಲಿ ಅಪಾಯದ ಹೊತ್ತು ನಡುರಾತ್ರಿಯಿಂದ ನಸುಕಿನವರೆಗೆ. ಸಕ್ಕರೆ ಅಂಶ ಇಳಿದು, ಮೈ ತಣ್ಣಗಾಗಿ, ಹಗಲೆಲ್ಲ ಕಣ್ಣು ಬಿಟ್ಟಿದ್ದ ಮಗು ಸದ್ದಿಲ್ಲದೆ ಹೋಗಿಬಿಡುತ್ತದೆ. ರಾತ್ರಿ ಹನ್ನೆರಡರ, ಮೂರರ ಹಾಲನ್ನು ತಪ್ಪಿಸಬಾರದು ಎಂಬ ನಿಯಮ ಬಂದದ್ದೇ ಇದರಿಂದ. ಒಬ್ಬಳೇ ನರ್ಸ್, ಮೂವತ್ತು ನಲವತ್ತು ಮಕ್ಕಳು, ದಣಿದು ಮಲಗಿದ ತಾಯಂದಿರು. ಹಾಲು ತಪ್ಪುವುದು ಹೀಗೆ. ಬಂದ ಮೊದಲ ಎರಡು ವಾರದೊಳಗೆ ಬೆಳಗು, ರಾತ್ರಿ ಎರಡನ್ನೂ ಕನ್ನಡದಲ್ಲಿ ಬರೆದಿಡುವುದು ಒಳ್ಳೆಯದು. ದಿನಚರಿಯಂತೆ ಬೇಡ, ಪಾಳಿ ಪಾಳಿಯಾಗಿ, ಯಾವ ಹೊತ್ತಿಗೆ ಏನು ನಡೆಯುತ್ತಿತ್ತು, ಯಾರು ಎಲ್ಲಿ ನಿಂತಿರುತ್ತಿದ್ದರು ಎಂದು. ಕೆಲಸದ ಭಾಷೆ ಅಲ್ಲಿ ಇಂಗ್ಲಿಷು, ವರದಿಯೂ ಇಂಗ್ಲಿಷು. ತನ್ನ ಮಾತಿನಲ್ಲಿ ಬರೆದಾಗಷ್ಟೇ ಅಳುವುದಿದ್ದರೆ ಅಳು ಬರುತ್ತದೆ.

ಮೊದಲು ಮೈ

ಮನಸ್ಸಿನ ವಿಚಾರಕ್ಕೆ ಹೋಗುವ ಮುನ್ನ ಮೈಯ ಲೆಕ್ಕ ಚುಕ್ತಾ ಆಗಬೇಕು. ಮಲೇರಿಯಾ ತಡೆಗೆ ತೆಗೆದುಕೊಳ್ಳುತ್ತಿದ್ದ ಮಾತ್ರೆಯನ್ನು ವಿಮಾನ ಇಳಿದ ದಿನವೇ ಬಿಡುವವರು ಬಹಳ. ಡಾಕ್ಸಿಸೈಕ್ಲಿನ್ ಆದರೆ ಆ ಪ್ರದೇಶ ಬಿಟ್ಟ ಮೇಲೂ 4 ವಾರ ದಿನಕ್ಕೊಂದರಂತೆ, ಮೆಫ್ಲೊಕ್ವಿನ್ ಆದರೆ ವಾರಕ್ಕೊಂದರಂತೆ 4 ವಾರ, ಅಟೊವಕ್ವೋನ್-ಪ್ರೊಗ್ವಾನಿಲ್ ಆದರೆ 7 ದಿನ. ಕೊನೆಯ ದಿನ ಕಚ್ಚಿದ ಸೊಳ್ಳೆಯ ರೋಗಾಣು ಯಕೃತ್ತಿನಲ್ಲಿ ಒಂದು ವಾರಕ್ಕೂ ಹೆಚ್ಚು ಅಡಗಿರಬಹುದು, ಡಾಕ್ಸಿಸೈಕ್ಲಿನ್ ಅದನ್ನು ಹಿಡಿಯುವುದು ರಕ್ತಕ್ಕೆ ಬಂದ ಮೇಲೆಯೇ. ಮೊದಲ ಮೂರು ತಿಂಗಳಲ್ಲಿ ಯಾವುದೇ ಜ್ವರ ಬರಲಿ, ಅದೇ ದಿನ ಮಲೇರಿಯಾ ಪರೀಕ್ಷೆ ಆಗಬೇಕು. ಒಳಗೆ ಹೋದ ಕೂಡಲೇ ‘ದಕ್ಷಿಣ ಸುಡಾನಿನಿಂದ ಬಂದಿದ್ದೇನೆ’ ಎಂದು ಹೇಳಬೇಕು. ಇಲ್ಲವಾದರೆ ಡೆಂಗಿ, ಟೈಫಾಯ್ಡ್ ಎಂದು ಎರಡು ದಿನ ಕಳೆಯುತ್ತದೆ; ಫಾಲ್ಸಿಪಾರಂ ಮಲೇರಿಯಾಕ್ಕೆ ಎರಡು ದಿನ ಬಹಳ. ಪರೀಕ್ಷೆ ಒಮ್ಮೆ ನೆಗೆಟಿವ್ ಬಂದರೆ ಸಾಲದು, 12ರಿಂದ 24 ತಾಸಿನ ಅಂತರದಲ್ಲಿ ಮತ್ತೆರಡು ಸಲ ಸ್ಲೈಡ್ ನೋಡಿಸಬೇಕು.

ನದಿ, ಜೌಗಿನ ನೀರಿಗೆ ಕಾಲಿಟ್ಟಿದ್ದವರಿಗೆ ಬಸವನಹುಳುವಿನಿಂದ ಬರುವ ಶಿಸ್ಟೊಸೋಮಿಯಾಸಿಸ್ ಎಂಬ ಕಾಯಿಲೆಯ ಸಾಧ್ಯತೆ ಇದೆ. ನಮ್ಮ ಕಡೆ ಇದು ಇಲ್ಲದ್ದರಿಂದ ಯಾರೂ ಕೇಳುವುದಿಲ್ಲ, ತಾವೇ ನೆನಪಿಸಬೇಕು. ಬಂದ ವಾರವೇ ಪರೀಕ್ಷಿಸಿದರೆ ಏನೂ ಸಿಗದು. ಕೊನೆಯ ಸಲ ನೀರಿಗಿಳಿದು ಎರಡು ಮೂರು ತಿಂಗಳಾದ ಮೇಲೆ ನೋಡಿಸಬೇಕು. ಮೂತ್ರದಲ್ಲಿ ಹುಡುಕುವುದಾದರೆ ಬೆಳಗಿನ ಮೊದಲ ಮೂತ್ರವಲ್ಲ, ಹತ್ತರಿಂದ ಎರಡು ಗಂಟೆಯೊಳಗಿನದು ಬೇಕು, ಮೊಟ್ಟೆಗಳು ಹೊರಬೀಳುವುದು ಆಗ ಹೆಚ್ಚು. ಔಷಧ ಇದೆ, ಗುಣವೂ ಆಗುತ್ತದೆ.

ನಿದ್ದೆ ಕೆಡುವುದು, ಬಾಗಿಲು ಬಡಿದರೆ ಬೆಚ್ಚುವುದು, ಸಣ್ಣದಕ್ಕೆ ಸಿಟ್ಟು ಬರುವುದು ಮೊದಲ ವಾರಗಳಲ್ಲಿ ಸಾಮಾನ್ಯ. ಅದು ಕಡಿಮೆಯಾಗುವ ಬದಲು ಹೆಚ್ಚುತ್ತ ತಿಂಗಳು ದಾಟಿದರೆ, ಕುಡಿತ ಶುರುವಾದರೆ, ಬದುಕೇ ಬೇಡ ಅನ್ನಿಸಿದರೆ ಅದು ಹಂಬಲದ ಗೆರೆ ದಾಟಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಕಳಿಸಿದ ಸಂಸ್ಥೆಯಲ್ಲಿ ಮನೋವೈದ್ಯಕೀಯ ನೆರವು ಇದೆಯೇ, ಎಷ್ಟು ತಿಂಗಳವರೆಗೆ ಸಿಗುತ್ತದೆ ಎಂಬುದನ್ನು ಹೊರಡುವ ಮೊದಲೇ ಕೇಳಿ ಬರೆಸಿಕೊಂಡಿರಬೇಕು.

ಏನ್ ತಿಂತಿದ್ದಿ ಅಲ್ಲೆ?

ಮನೆಗೆ ಬಂದವರನ್ನು ನೋಡಲು ಅತ್ತೆ, ಚಿಕ್ಕಮ್ಮ, ಓಣಿಯವರು ಬರುತ್ತಾರೆ. ಅವರ ಪ್ರಶ್ನೆಗಳು ಸಣ್ಣವು ಎಂದು ಮರಳಿದವರಿಗೆ ಬೇಸರ. ಅಷ್ಟು ದೊಡ್ಡದನ್ನು ಕಂಡುಬಂದಿದ್ದೇನೆ, ಇವರು ಊಟ, ಪಗಾರ, ಮದುವೆ ಕೇಳುತ್ತಾರಲ್ಲ ಎಂದು. ಆ ಬೇಸರ ಅರ್ಥವಾಗುತ್ತದೆ, ಆದರೆ ನಮ್ಮಲ್ಲಿ ಪ್ರೀತಿ ಒಳಗೆ ಬರುವುದೇ ಊಟದ ಬಾಗಿಲಿನಿಂದ. ನವಲಗುಂದದ ಕಡೆಯ ಪಡಸಾಲೆಯಲ್ಲಿ ಈ ಮಾತು ಹೀಗೆ ಸಾಗಬಹುದು:

“ಊಟಕ್ಕ ಏನ್ ಸಿಗ್ತಿತ್ತವಾ ಅಲ್ಲೆ?”

“ಜ್ವಾಳಾನ ಅತ್ತಿ, ನಮ್ಮಂಗನ.”

“ಹೌದಾ! ರೊಟ್ಟಿ ಬಡಿತಾರೇನು?”

“ಬಡಿಯೂದಿಲ್ಲ. ಹಿಟ್ಟು ಕಲಿಸಿ ಹುಳಿ ಬರಾಕ ಇಟ್ಟು, ಕಾದ ಹಂಚಿನ ಮ್ಯಾಲೆ ತೆಳ್ಳಗ ಸವರ್ತಾರ. ಕಿಸ್ರಾ ಅಂತಾರ ಅದಕ್ಕ.”

“ಹಂಗಾರ ಜ್ವಾಳದ ದ್ವಾಸಿ ಅನ್ನು. ನೆಲಾ ಹೆಂಗದ?”

“ಎರಿನ. ಮಳಿ ಬಂತಂದ್ರ ಕಾಲು ಕೀಳಾಕ ಆಗಂಗಿಲ್ಲ.”

ಅಲ್ಲಿಂದ ಮುಂದೆ ಮಾತು ತಾನಾಗಿ ಬೆಳೆಯುತ್ತದೆ. ಯಾಕೆಂದರೆ ಎರೆಹೊಲದವರಿಗೆ ಆ ಮಣ್ಣಿನ ಬಗ್ಗೆ ಏನೂ ಬಿಡಿಸಿ ಹೇಳಬೇಕಾಗಿಲ್ಲ. ದಕ್ಷಿಣ ಸುಡಾನಿನ ಬಯಲಿನ ಬಹುಭಾಗ ನಮ್ಮ ಧಾರವಾಡ, ವಿಜಯಪುರ, ರಾಯಚೂರಿನ ಎರೆಯಂಥದೇ ಜಿಗುಟು ಕಪ್ಪು ಮಣ್ಣು. ಬೇಸಿಗೆಯಲ್ಲಿ ಮೊಳದ ಬಿರುಕು, ಮಳೆಗೆ ಅಂಟು. ಮೇ ತಿಂಗಳಿಂದ ಅಕ್ಟೋಬರಿನವರೆಗೆ ಲಾರಿಗಳು ನಿಲ್ಲುತ್ತವೆ, ಒಂದು ದೊಡ್ಡ ಮಳೆಯಾದರೆ ಮಣ್ಣಿನ ರನ್‌ವೇಯಲ್ಲಿ ಸಣ್ಣ ವಿಮಾನವೂ ಇಳಿಯುವಂತಿಲ್ಲ. ಔಷಧ, ಪೊಟ್ಟಣಗಳನ್ನು ಮಳೆಗೆ ಮುಂಚೆಯೇ ತುಂಬಿಟ್ಟುಕೊಂಡಿರಬೇಕು. ಅಂದಾಜು ತಪ್ಪಿದರೆ ಮಲೇರಿಯಾ ಏರುವ ಜುಲೈ, ಆಗಸ್ಟಿನಲ್ಲಿ ಕಪಾಟು ಬರಿದು. ರಸ್ತೆ ಮುಚ್ಚಿ ಊರು ನಡುಗಡ್ಡೆಯಾಗುವುದೆಂದರೆ ಏನೆಂದು ಬೆಣ್ಣಿಹಳ್ಳದ ಆಚೀಚೆಯವರಿಗೆ ಗೊತ್ತು. ಜೋಳವೂ ಆ ಕಡೆಯಿಂದಲೇ ಬಂದ ಬೆಳೆ. ಅದನ್ನು ಒಕ್ಕಲುಗೊಳಿಸಿದ ಬಹಳ ಹಳೆಯ ಕುರುಹು, ಸುಮಾರು 5000 ವರ್ಷ ಹಿಂದಿನದು, ಸಿಕ್ಕಿರುವುದು ಪೂರ್ವ ಸುಡಾನಿನಲ್ಲಿ.

ಮರಳಿ ಬಂದವರು ತಮ್ಮ ಅನುಭವವನ್ನು ಮೂರು ಅಳತೆಯಲ್ಲಿ ಸಿದ್ಧ ಮಾಡಿಟ್ಟುಕೊಂಡರೆ ಉಪಯೋಗ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆ ಒಂದು ವಾಕ್ಯ. ಮನೆಗೆ ಬಂದವರಿಗೆ ಐದು ನಿಮಿಷ: ಊಟ, ಮಣ್ಣು, ಒಂದು ದಿನದ ಕೆಲಸ. ಪೂರ್ತಿ ಕೇಳಬಲ್ಲ ಒಬ್ಬರಿಗೆ, ಒಬ್ಬರಿಗೇ, ಒಂದು ಸಂಜೆ. ಆ ಒಬ್ಬರು ಮನೆಯವರೇ ಆಗಬೇಕೆಂದಿಲ್ಲ. ಬಹಳ ಸಲ ಅದೇ ಬಗೆಯ ಕೆಲಸ ಮಾಡಿ ಬಂದ ಇನ್ನೊಬ್ಬರಾಗಿರುತ್ತಾರೆ. ಮೊಬೈಲಿನಲ್ಲಿರುವ ಮಕ್ಕಳ ಫೋಟೊಗಳನ್ನು ಮಾತ್ರ ಯಾರಿಗೂ ತೋರಿಸಬಾರದು. ನಮ್ಮ ಮನೆಯ ಕೂಸು ಬೆತ್ತಲೆ, ಬಡಕಲಾಗಿ ಯಾರದೋ ಪಡಸಾಲೆಯಲ್ಲಿ ಕೈಯಿಂದ ಕೈಗೆ ಹೋಗುವುದನ್ನು ನಾವು ಒಪ್ಪುವುದಿಲ್ಲ.

ಅಲ್ಲಿಯೇ ಇರುವವರು

ಮನೆಗೆ ಬಂದವರ ಹಂಬಲದ ಬಗ್ಗೆ ಬರೆಯುವಾಗ ನನಗೆ ಹೆಚ್ಚು ಮುಖ್ಯವೆನಿಸುವುದು ಮನೆಗೆ ‘ಬರದವರು’. ಇಂಥ ಆಸ್ಪತ್ರೆಗಳ ಸಿಬ್ಬಂದಿಯಲ್ಲಿ ಬಹುಪಾಲು ಆ ದೇಶದವರೇ. ಹೊರಗಿನ ನರ್ಸ್ ಆರು ತಿಂಗಳಿಗೊಮ್ಮೆ ಬದಲಾಗುತ್ತಾಳೆ. ಅಲ್ಲಿನ ಜನರ ನುವೆರ್ ಭಾಷೆಯಲ್ಲಿ ತಾಯಿಗೆ ಸಮಾಧಾನ ಹೇಳುವ ಸಹಾಯಕಿ, ರಾತ್ರಿ ಮೂರರ ಹಾಲು ಕಲಸುವವನು, ಕಾವಲುಗಾರ ಅಲ್ಲಿಯೇ ಇರುತ್ತಾರೆ. ಅವರ ಮನೆಯೂ ಅದೇ ಒಡ್ಡಿನೊಳಗೆ. ಹೊರಗಿನವಳಿಗೆ ವಿದಾಯ ಹೇಳಿದ ಮರುದಿನ ಅವರು ಹೊಸಬರಿಗೆ ಎಲ್ಲವನ್ನೂ ಮೊದಲಿನಿಂದ ಕಲಿಸುತ್ತಾರೆ. ಈ ಮಾತು ಮನಸ್ಸಿಗೆ ಇಳಿದರೆ ‘ನಾನಿಲ್ಲದೆ ಅಲ್ಲಿ ಏನಾಗುತ್ತಿದೆಯೋ’ ಎಂಬ ಸಂಕಟ ತಾನೇ ಸ್ವಲ್ಪ ಸಡಿಲವಾಗುತ್ತದೆ.

ಹಂಬಲ ಎಷ್ಟು ತೀವ್ರವಾಗಿರುತ್ತದೆ ಎಂಬುದು ಕೊನೆಯ ವಾರ ಹೇಗಿತ್ತು ಎಂಬುದರ ಮೇಲೂ ನಿಂತಿದೆ. ಗುಂಡಿನ ಸದ್ದು ಕೇಳಿ ಅರ್ಧ ತಾಸಿನಲ್ಲಿ ಚೀಲ ಹಿಡಿದು ವಿಮಾನ ಹತ್ತಿದವರು ಬಹುಕಾಲ ನರಳುತ್ತಾರೆ. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಅಮೆರಿಕದ ಪೀಸ್ ಕೋರ್ ಅರವತ್ತಕ್ಕೂ ಹೆಚ್ಚು ದೇಶಗಳಿಂದ ಸುಮಾರು 7000 ಸ್ವಯಂಸೇವಕರನ್ನು ಒಮ್ಮೆಲೇ ಮನೆಗೆ ಕರೆಸಿಕೊಂಡಿತು. ಅವರಲ್ಲಿ ಎಷ್ಟೋ ಜನಕ್ಕೆ ಪಕ್ಕದ ಮನೆಯವರಿಗೆ ಹೋಗಿಬರುತ್ತೇನೆ ಎನ್ನಲೂ ಹೊತ್ತಿರಲಿಲ್ಲ. ಸಾಧ್ಯವಿದ್ದರೆ ಮುಂದಿನವರು ಬಂದ ಮೇಲೆ ನಾಲ್ಕೈದು ದಿನ ಜೊತೆಗಿದ್ದು ಬರಬೇಕು. ಮೊದಲ ದಿನ ತಾನು ಮಾಡಿ ಅವರಿಗೆ ತೋರಿಸುವುದು, ಎರಡನೆಯ ದಿನ ಇಬ್ಬರೂ ಮಾಡುವುದು, ಮೂರನೆಯ ದಿನ ಅವರು ಮಾಡುವಾಗ ಪಕ್ಕದಲ್ಲಿ ಸುಮ್ಮನೆ ನಿಲ್ಲುವುದು. ಸುಮ್ಮನೆ ನಿಲ್ಲುವ ಆ ದಿನವೇ ಕಷ್ಟದ್ದು. ಮತ್ತೆ ಬರುತ್ತೇನೆ ಎಂದು ಮಾತು ಕೊಡಬಾರದು, ತಾಯಂದಿರಿಗಂತೂ ಖಂಡಿತ ಕೂಡದು.

ಬಂದ ಮೇಲೆ ವಾಟ್ಸಾಪಿನಲ್ಲಿ ಕೇಳುವುದು, ಹೇಳುವುದು ಎರಡಕ್ಕೂ ಮಿತಿ ಬೇಕು. ‘ಮೂರನೇ ಮಂಚದ ಕೂಸು ಹೇಗಿದೆ’ ಎಂಬ ಪ್ರಶ್ನೆಗೆ ಉತ್ತರಿಸುವವರು ರೋಗಿಯ ಗುಟ್ಟನ್ನು ಹೊರಗೆ ಹೇಳಿದಂತಾಗುತ್ತದೆ. ಮಗು ಹೋಗಿದ್ದರೆ ಅವರು ಸುಳ್ಳು ಹೇಳಬೇಕಾಗುತ್ತದೆ. ಹೊಸಬರಿಗೆ ‘ನಾವು ಹೀಗೆ ಮಾಡ್ತಿದ್ದೆವು’ ಎಂದು ದೂರದಿಂದ ಬರೆದರೆ ಅವರ ಕೈ ಕಟ್ಟಿದಂತೆ. ಸಹೋದ್ಯೋಗಿಯ ಮನೆಯ ಸುದ್ದಿ ಕೇಳಲಿ, ತನ್ನ ಮನೆಯದನ್ನು ಹೇಳಲಿ. ಆ ಸ್ನೇಹ ವಾರ್ಡಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಇಲ್ಲಿನ ಕೆಂಪು ಪಟ್ಟಿ

ಅದೇ ಬಣ್ಣದ ಪಟ್ಟಿ, ಅದೇ 115 ಮಿಲಿಮೀಟರು ನಮ್ಮಲ್ಲೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 8.4ರಷ್ಟು ಎತ್ತರಕ್ಕೆ ತಕ್ಕ ತೂಕವಿಲ್ಲದೆ ತೀವ್ರವಾಗಿ ಬಡಕಲಾದವರು. ಸರ್ಕಾರಿ ಆಸ್ಪತ್ರೆಗಳಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ. ತಾಯಿ, ಮಗು ಸುಮಾರು 14 ದಿನ ಉಳಿಯುತ್ತಾರೆ. ಮರಳಿ ಬಂದ ನರ್ಸಿಗೆ ಇದಕ್ಕಿಂತ ಹತ್ತಿರದ ಕೆಲಸ ಇನ್ನೊಂದಿಲ್ಲ. ಹಾಗೆಂದು ಅಲ್ಲಿನದೇ ಇಲ್ಲಿ ಸಿಗುತ್ತದೆ ಎಂದು ಹೊರಟರೆ ತಿಂಗಳೊಳಗೆ ನಿರಾಸೆ. ಇಲ್ಲಿ ಪೊಟ್ಟಣಕ್ಕಿಂತ ಅಡುಗೆಮನೆಯಲ್ಲಿ ಹಾಲು, ಸಕ್ಕರೆ, ಎಣ್ಣೆ ಅಳೆದು ಮಾಡುವ ಆಹಾರವೇ ಹೆಚ್ಚು, ಅಳತೆಯ ಚಮಚ ತಪ್ಪಿದರೆ ಕ್ಯಾಲರಿ ತಪ್ಪಿತು. ದೊಡ್ಡ ತೊಡಕು ವಾರ್ಡಿನ ಹೊರಗಿದೆ. ಮನೆಯಲ್ಲಿ ಇನ್ನೆರಡು ಮಕ್ಕಳನ್ನು ಬಿಟ್ಟು ಬಂದ ತಾಯಿ ಹದಿನಾಲ್ಕು ದಿನ ಕೂಲಿ ಬಿಟ್ಟು ಕೂರಲಾರಳು, ಐದನೆಯ ದಿನ ಹೊರಟುಬಿಡುತ್ತಾಳೆ. ಚೇತರಿಸಿಕೊಂಡ ಮಗುವನ್ನು ಹದಿನೈದು ದಿನಕ್ಕೊಮ್ಮೆ ನೋಡಬೇಕೆಂದರೆ ಕುಟುಂಬ ಗುಳೆ ಹೋಗಿರುತ್ತದೆ, ಬೆಂಗಳೂರಿಗೋ ಗೋವೆಗೋ.

ಆ ಮಗು ಎಲ್ಲಿ ಹೋಯಿತು ಎಂದು ಗೊತ್ತಿರುವುದು ಅಂಗನವಾಡಿ ಕಾರ್ಯಕರ್ತೆಗೆ, ಆಶಾ ಕಾರ್ಯಕರ್ತೆಗೆ. ಬೆಂಟಿಯುವಿನ ಸಹಾಯಕಿಯ ಜಾಗದಲ್ಲಿ ಇಲ್ಲಿ ನಿಂತಿರುವವರು ಅವರು. ಹೊರಗಿನಿಂದ ಬಂದವರು ಮೊದಲ ತಿಂಗಳು ‘ಸುಡಾನಿನಲ್ಲಿ ನಾವು’ ಎಂಬ ಮಾತೆತ್ತದೆ, ತಕ್ಕಡಿ ಸರಿಯಿದೆಯೇ, ಕಾರ್ಡಿನಲ್ಲಿ ಗೆರೆ ಬೀಳುತ್ತಿದೆಯೇ ಎಂದು ನೋಡುತ್ತ, ಅವರ ಜೊತೆ ಮನೆ ಮನೆ ಸುತ್ತುವುದು ಒಳಿತು. ದಿನಕ್ಕೆ 60 ಗ್ರಾಂ ಇಲ್ಲಿ ಕಾಣದೇ ಹೋಗಬಹುದು. ಮೂರು ತಿಂಗಳಿಗೊಮ್ಮೆ, ಗುಳೆ ಹೋದವರು ಹಬ್ಬಕ್ಕೆ ಊರಿಗೆ ಬಂದಾಗ, ಪಟ್ಟಿ ಹಳದಿಯಿಂದ ಹಸಿರಿಗೆ ಬಂದದ್ದು ಕಾಣುತ್ತದೆ.

ಮತ್ತೆ ಹೋಗುವುದೇ?

ದಕ್ಷಿಣ ಸುಡಾನಿನಲ್ಲಿ ಕಣಜ ಬರಿದಾಗುವುದು ಏಪ್ರಿಲಿನಿಂದ ಜುಲೈವರೆಗೆ, ಅದರ ಬೆನ್ನಿಗೇ ಮಲೇರಿಯಾ. ಸಂಸ್ಥೆಗಳಿಗೆ ಜನ ಬೇಕಾಗುವುದು ಆ ಹೊತ್ತಿಗೆ. ಬಂದು ಒಂದೂವರೆ ತಿಂಗಳೂ ಆಗದವರಿಗೆ ಕರೆ ಬಂದರೆ ಹೂಂ ಎನ್ನುವುದು ಸುಲಭ, ಹಂಬಲ ಉತ್ತುಂಗದಲ್ಲಿರುವ ಕಾಲ ಅದು. ಮೂರು ತಿಂಗಳಾದರೂ ಊರಲ್ಲಿದ್ದು, ಹೋಗಬೇಕೆನ್ನುವ ಕಾರಣಗಳನ್ನು ಬರೆದು ನೋಡಲಿ. ಕಾರಣಗಳೆಲ್ಲ ಇಲ್ಲಿಂದ ತಪ್ಪಿಸಿಕೊಳ್ಳುವಂಥವಾದರೆ ಕಾಯುವುದು ಲೇಸು. ಅಲ್ಲಿನ ಒಂದು ಕೆಲಸಕ್ಕೆ ತನ್ನಲ್ಲಿ ಇಂಥದೊಂದು ಕೌಶಲ ಇದೆ ಎಂದು ಬರೆಯಲು ಸಾಧ್ಯವಾದರೆ ಹೋಗಲಿ, ಈ ಸಲ ಸಾಧ್ಯವಿದ್ದಷ್ಟು ಹೆಚ್ಚು ತಿಂಗಳಿಗೆ, ಅಲ್ಲಿನವರಿಗೆ ಕಲಿಸುವ ಹುದ್ದೆಗೆ. ಹಳದಿ ಜ್ವರದ ಕಾರ್ಡು ಹಳೆಯದೇ ಸಾಕು, 2016ರ ಜುಲೈ 11ರಿಂದ ಅದು ಜೀವಮಾನಕ್ಕೆ ಮಾನ್ಯ. ಆದರೆ ಕಾರ್ಡು ಕಳೆದುಹೋಗಿದ್ದರೆ ಲಸಿಕೆ ಹಾಕಿಸಿದ ಕೇಂದ್ರದಿಂದ ನಕಲು ಪಡೆದೇ ಹೊರಡಬೇಕು, ಇಲ್ಲವಾದರೆ ಮರಳುವಾಗ ವಿಮಾನ ನಿಲ್ದಾಣದಿಂದ ನೇರ 6 ದಿನದವರೆಗಿನ ಕ್ವಾರಂಟೈನಿಗೆ ಹೋಗಬೇಕಾಗಬಹುದು. ಮೊಬೈಲ್ ನಂಬರು 90 ದಿನ ಬಳಸದಿದ್ದರೆ ರದ್ದಾಗಬಹುದು, ಅದರೊಂದಿಗೆ ಬ್ಯಾಂಕಿನ ಒಟಿಪಿಯೂ ನಿಲ್ಲುತ್ತದೆ; ಹೊರಡುವ ಮುನ್ನ ಸಿಮ್ಮನ್ನು ಮನೆಯಲ್ಲಿ ಯಾರಿಗಾದರೂ ಕೊಟ್ಟು, ತಿಂಗಳಿಗೊಂದು ಕರೆ ಮಾಡಲು ಹೇಳಿ ಹೋಗಬೇಕು.